ಎರೆಡೂ ಕಣ್ಣಿಗೆ

ಮಾವನ ಎದೆಯೊಳಗೆ ಯಂತ್ರ ಕೂರಿಸಬೇಕಾಗಿದ್ದ ದಿನ ಅವನು ಎಂದಿಗಿಂತ ಹತ್ತು ನಿಮಿಷ ಮೊದಲೇ ಬಂದು ಔಷಧಿ ಅಂಗಡಿಯ ಬಾಗಿಲು ತೆಗೆದಿದ್ದ. ಕಟ್ಟೆಯ ಮೇಲಿನ ಗಾಜನ್ನು ಒಂದು ಸಲ ಒರೆಸಿ, ಕಲೆಯೇನೂ ಉಳಿದಿಲ್ಲವೆಂದು ಗೊತ್ತಿದ್ದೂ ಇನ್ನೊಂದು ಸಲ ಒರೆಸಿದ. ಬೆಳಿಗ್ಗೆ ಹೆಂಡತಿ ಆಸ್ಪತ್ರೆಗೆ ಹೊರಟು ನಿಂತು, ಚಪ್ಪಲಿ ಮೆಟ್ಟುತ್ತಾ, ನೀವು ಅಲ್ಲಿ ಬಂದು ಮಾಡೋದೇನಿದೆ, ಹನ್ನೆರಡಕ್ಕೆ ಒಳಗೆ ಕರ್ಕೊಂಡು ಹೋಗ್ತಾರೆ, ಎಲ್ಲಾ ಮುಗಿದ ಮೇಲೆ ಬನ್ನಿ ಸಾಕು ಎಂದಿದ್ದಳು. ಬಾಯಿಮಾತಿಗಾದರೂ ಇಲ್ಲ, ನಾನೂ ಬರ್ತೀನಿ ಎನ್ನಬಹುದಿತ್ತು. ಎನ್ನಲಿಲ್ಲ. ಎನ್ನದಿದ್ದದ್ದು ಹಾಗಿರಲಿ, ಅವಳು ಅಷ್ಟು ಹೇಳಿದೊಡನೆ ಒಳಗೊಳಗೇ ಹಗುರವಾಯಿತಲ್ಲ, ಆ ಹಗುರವೇ ಈಗ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಮಾವನಿಗೆ ಎಪ್ಪತ್ತನಾಲ್ಕು. ಮೂರು ವಾರದಿಂದ ಅವರು ಮೆಟ್ಟಿಲು ಹತ್ತುವಾಗ ನಡುವೆಯೇ ಕೂತುಬಿಡುವುದು, ಮಾತಿನ ಮಧ್ಯೆ ಕಣ್ಣು ಮುಚ್ಚುವುದು, ಬಚ್ಚಲ ಗೋಡೆ ಹಿಡಿದು ಸುಮ್ಮನೆ ನಿಲ್ಲುವುದು ನಡೆದಿತ್ತು. ಹೃದಯದ ಡಾಕ್ಟರು ನಾಡಿ ಹಿಡಿದು ನಿಮಿಷಕ್ಕೆ ಮೂವತ್ತೆಂಟು ಎಂದಿದ್ದರು. ತಾವೇ ಹೊಸದಾಗಿ ಬರೆದಿದ್ದ ರಕ್ತದೊತ್ತಡದ ಮಾತ್ರೆಯನ್ನು ಅರ್ಧಕ್ಕಿಳಿಸಿ ಒಂದು ವಾರ ಕಾದು ನೋಡಿ, ಆಗಲೂ ನಲವತ್ತು ದಾಟದಿದ್ದಾಗ, ವಯಸ್ಸಾಯಿತು, ಒಳಗಿನ ತಂತಿ ಸವೆದಿದೆ, ಬಡಿತ ಕೊಡುವ ಪುಟ್ಟ ಯಂತ್ರವೊಂದನ್ನು ಇಟ್ಟುಬಿಡೋಣ ಎಂದಿದ್ದರು. ವಯಸ್ಸಾಯಿತು ಎಂಬ ಮಾತಿಗೆ ಎದುರು ಹೇಳುವವರು ಯಾರು? ಮನೆಯವರೆಲ್ಲ ಹೂಂ ಎಂದರು. ಇಪ್ಪತ್ತೆರಡು ವರ್ಷದಿಂದ ಔಷಧಿಯ ನಡುವೆಯೇ ಮುಳುಗಿ ಏಳುತ್ತಿದ್ದ ಅವನೂ ಹೂಂ ಎಂದ.

ಅಂಗಡಿಯಲ್ಲಾದರೆ ಅವನು ಅಷ್ಟು ಸುಲಭಕ್ಕೆ ಹೂಂ ಎನ್ನುವವನಲ್ಲ. ಚೀಟಿಯಲ್ಲಿರುವ ಔಷಧಿಗಳನ್ನೆಲ್ಲ ಕಪಾಟಿನಿಂದ ತೆಗೆದು, ಚೀಲಕ್ಕೆ ತುಂಬುವ ಮೊದಲು, ಗಾಜಿನ ಮೇಲೆ ಸಾಲಾಗಿ ಇಟ್ಟು ಒಂದು ಗಳಿಗೆ ನೋಡುವುದು ಅವನ ರೂಢಿ. ಇದರ ಪಕ್ಕ ಇದು ಕೂರಬಹುದೇ, ಇದು ಬಂದರೆ ಅದು ಮುನಿಯುತ್ತದೆಯೇ, ಇಬ್ಬರೂ ಸೇರಿ ಮೂರನೆಯವನ ಕತ್ತು ಹಿಸುಕುತ್ತಾರೆಯೇ ಎಂದು ಮುಖ ನೋಡಿಯೇ ಹೇಳುವಷ್ಟು ಕೈ ಪಳಗಿತ್ತು. ಮೂಲೆಯ ಕುರ್ಚಿಯಲ್ಲಿ ಕೂತ ಅಂಗಡಿಯ ಯಜಮಾನರು, ಏನಯ್ಯಾ, ಸಂಬಂಧ ಕೂಡಿಬಂತಾ ಎಂದು ದಿನಕ್ಕೆ ನಾಲ್ಕು ಸಲವಾದರೂ ಚುಡಾಯಿಸುತ್ತಿದ್ದರು. ರಕ್ತದೊತ್ತಡಕ್ಕೂ ಕಾಲಿನ ಊತಕ್ಕೂ ಮಾತ್ರೆ ನುಂಗುತ್ತಿದ್ದ ಬಸ್ಸಿನ ಚಾಲಕನೊಬ್ಬ ಮಂಡಿನೋವಿಗೆಂದು ಮೂರನೆಯದನ್ನು ಕೇಳಿದಾಗ, ನಿನ್ನ ಮೂತ್ರಪಿಂಡಕ್ಕೆ ಆಗದವನು ನೀನೇ ಎಂದು ಬೈದು ಕಳಿಸಿದ್ದ. ಆದರೆ ಎಂಟು ವರ್ಷದ ಹಿಂದೆ ಇದೇ ಹೃದಯದ ಡಾಕ್ಟರ ಕೋಣೆಗೆ, ಅವರ ಚೀಟಿಯಲ್ಲಿ ಒಂದು ಸೊನ್ನೆ ಹೆಚ್ಚಾಗಿದೆಯೆಂದು ಏದುಸಿರು ಬಿಡುತ್ತಾ ಓಡಿಹೋಗಿದ್ದ. ಬೆಂಚಿನ ಮೇಲೆ ಏಳೆಂಟು ಜನ ರೋಗಿಗಳು ಕೂತಿದ್ದರು. ಡಾಕ್ಟರು ಚೀಟಿಯನ್ನು ಅವನ ಕಡೆಗೇ ತಿರುಗಿಸಿ, "ಇದು ಸೊನ್ನೆ ಅಲ್ಲ, ಚುಕ್ಕೆ. ಮೊದಲು ಓದೋದು ಕಲೀರಿ, ಆಮೇಲೆ ಯೋಚನೆ ಮಾಡೋರಂತೆ" ಎಂದರು. ನಿಜಕ್ಕೂ ಅದು ಚುಕ್ಕೆಯೇ. ಬೆಂಚಿನ ಮೇಲಿನ ಮುದುಕನೊಬ್ಬ ನಕ್ಕಿದ್ದ. ಮುದುಕನ ಮೇಲಿನ ಎರಡು ಹಲ್ಲು ಇರಲಿಲ್ಲವೆಂಬುದು ಅವನಿಗೆ ಇವತ್ತಿಗೂ ನೆನಪಿದೆ. ತಪ್ಪು ಡಾಕ್ಟರದಾಗಿದ್ದರೆ ಎಂದೋ ಮರೆಯುತ್ತಿದ್ದ. ತನ್ನದೇ ಆಗಿತ್ತಲ್ಲ, ಅದು ಮರೆಯಲಿಲ್ಲ.

ಓದಲು ಬಾರದವನೆಂದು ಅವನಿಗೆ ಹೇಳಿದವರು ಆ ಡಾಕ್ಟರೊಬ್ಬರೇ ಅಲ್ಲ. ಮಾವ ನಲವತ್ತು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವರು. ಶಾಲೆಯ ಪಠ್ಯಪುಸ್ತಕದಿಂದ ಹಿಡಿದು ಸೋಪಿನ ಹೊದಿಕೆಯವರೆಗೆ ಅವರ ಕೆಂಪು ಪೆನ್ಸಿಲು ಮುಟ್ಟದೆ ಅಚ್ಚಿಗೆ ಹೋದ ಹಾಳೆಯಿಲ್ಲ. ತನ್ನ ತಪ್ಪು ತನಗೆ ಕಾಣೋದಿಲ್ಲ, ಅದಕ್ಕೇ ಕರಡು ತಿದ್ದೋನು ಅಂತ ಒಬ್ಬ ಬೇರೆ ಇರ್ತಾನೆ ಎನ್ನುವುದು ಅವರ ಬಾಯಿಪಾಠ. ಎರಡು ವರ್ಷದ ಹಿಂದೆ ಅತ್ತೆ ತೀರಿಕೊಂಡ ಮೇಲೆ ಮಾವ ಒಂದು ಪೆಟ್ಟಿಗೆ, ಒಂದು ನಿಘಂಟು, ಅರ್ಧ ಡಜನ್ ಕೆಂಪು ಪೆನ್ಸಿಲು ಹಿಡಿದು ಮಗಳ ಮನೆಗೆ ಬಂದರು. ಬಂದ ತಿಂಗಳೇ ಕಣ್ಣಿನ ಡಾಕ್ಟರು, ಕಣ್ಣಿನೊಳಗೆ ಒತ್ತಡ ಹೆಚ್ಚಿದೆಯೆಂದು ಒಂದು ಹನಿ ಬರೆದು, ಮೂರು ತಿಂಗಳು ಹಾಕಿ ಮತ್ತೆ ಬಂದು ತೋರಿಸಿ ಎಂದರು. ಮತ್ತೆ ಹೋಗಿ ತೋರಿಸಿದವರು ಯಾರೂ ಇಲ್ಲ. ಮನೆಯಲ್ಲೇ ಔಷಧಿಯವನಿರುವಾಗ ಡಾಕ್ಟರು ಯಾಕೆ? ತಿಂಗಳಿಗೊಂದು ಬಾಟಲಿಯನ್ನು ಅವನು ಕಪಾಟಿನಿಂದ ನೇರ ಅಂಗಿಯ ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದ. ಮೊದಲ ಬಾಟಲಿಗೆ, ಅಂಗಡಿಯ ಗಿರಾಕಿಗಳಿಗೆ ಮಾಡುವಂತೆಯೇ, ಒಂದು ಚೀಟಿ ಅಂಟಿಸಿದ್ದ: ಬೆಳಿಗ್ಗೆ ಸಂಜೆ, ಎರೆಡೂ ಕಣ್ಣಿಗೆ ಒಂದೊಂದು ಹನಿ. ಮರುದಿನ ಕಿಟಕಿಯ ಹಲಗೆಯ ಮೇಲಿದ್ದ ಬಾಟಲಿಯಲ್ಲಿ ಆ ಎರೆಡರ ನೆತ್ತಿಗೆ ಕೆಂಪು ಗೀಟು ಬಿದ್ದಿತ್ತು. ಬೆರಳಗಲವೂ ಇಲ್ಲದ ಆ ಚೀಟಿಯ ಅಂಚಿನಲ್ಲೇ ಅಳಿಸು ಎಂಬ ಗುರುತನ್ನೂ ಹಾಕಿದ್ದರು. ಊಟಕ್ಕೆ ಕೂತಾಗ, "ಅಳಿಯಂದಿರೇ, ಎರಡು ಅನ್ನೋದಕ್ಕೆ ಎತ್ವ ಇಲ್ಲ, ನೋಡ್ಕೊಳ್ಳಿ" ಎಂದರು. ಹಾಲು ತರುವವಳಿಗೆ, ಪಕ್ಕದ ಮನೆಯ ಮಾಸ್ತರರಿಗೆ, ಬೀದಿಯಲ್ಲಿ ದಾರಿ ಕೇಳಿದವನಿಗೆ ಕೂಡ ನೀನು ಎನ್ನುವ ಮಾವ, ಮದುವೆಯಾದ ದಿನದಿಂದ ಅವನೊಬ್ಬನಿಗೆ ನೀವು ಎನ್ನುತ್ತಿದ್ದರು. ಆ ನೀವು ಎಂಬುದು ಬಾಗಿಲ ಚಿಲಕದ ಹಾಗಿತ್ತು. ಹೆಂಡತಿ ನಗು ತಡೆಯಲು ಲೋಟ ಬಾಯಿಗಿಟ್ಟುಕೊಂಡಳು. ಮುಂದಿನ ತಿಂಗಳು ಅವನು ಬೇಕೆಂದೇ ಎರೆಡೂ ಎಂದು ಬರೆದ. ಮತ್ತೆ ಕೆಂಪು ಗೀಟು. ಅದರ ಮುಂದಿನ ತಿಂಗಳೂ ಎರೆಡೂ, ಅದರ ಮುಂದಿನ ತಿಂಗಳೂ ಗೀಟು. ಇಬ್ಬರ ನಡುವೆ ಮಾತಿನಷ್ಟೇ ಕಡಿಮೆಯಾಗಿದ್ದ ಸಲಿಗೆಗೆ ಆ ಬಾಟಲಿಯೊಂದೇ ಅಂಚೆಯಾಗಿತ್ತು. ಹೀಗೆ ಇಪ್ಪತ್ತಮೂರು ಬಾಟಲಿ. ಇಪ್ಪತ್ತನಾಲ್ಕನೆಯದು ಹದಿನೈದು ದಿನದ ಹಿಂದೆ ಹೋಗಿತ್ತು. ದಿನಾ ಬೆಳಿಗ್ಗೆ ಹಲ್ಲುಜ್ಜುತ್ತಾ ಅವನು ಅದನ್ನು ತಿರುಗಿಸಿ ನೋಡಿದ. ಗೀಟು ಬೀಳಲಿಲ್ಲ. ಒಂದು ದಿನ, ಎರಡು ದಿನ, ಒಂದು ವಾರ. ಮುದುಕ ಸೋತರು ಎಂದುಕೊಂಡ. ಅವತ್ತು ಅಂಗಡಿಗೆ ಶಿಳ್ಳೆ ಹಾಕುತ್ತಾ ಬಂದದ್ದನ್ನು ಯಜಮಾನರು ಕೂಡ ಗಮನಿಸಿದ್ದರು.

ಹತ್ತೂಮುಕ್ಕಾಲರ ಹೊತ್ತಿಗೆ ಎದುರು ಸಾಲಿನ ಹೊಲಿಗೆಯಾಕೆ ಬಂದಳು. ಕುತ್ತಿಗೆಯಲ್ಲಿ ಅಳತೆಯ ಪಟ್ಟಿ ಹಾಗೇ ನೇತಾಡುತ್ತಿತ್ತು. ಕಣ್ಣಿನ ಆಸ್ಪತ್ರೆಯ ಚೀಟಿಯನ್ನು ಅವನ ಮುಂದೆ ಹಿಡಿದು, ಬೇಗ ಕೊಡಪ್ಪ, ಗಿರಾಕಿ ಬಂದು ನಿಂತಿದಾರೆ, ರವಿಕೆಗೆ ಇನ್ನೂ ಗುಂಡಿ ಇಲ್ಲ ಎಂದಳು. ಮಾವ ಹಾಕಿಕೊಳ್ಳುವ ಅದೇ ಹನಿ, ಟಿಮೊಲಾಲ್. ತೆಗೆದು ಗಾಜಿನ ಮೇಲಿಟ್ಟ. ಆಕೆ ಚಿಲ್ಲರೆಗಾಗಿ ಚೀಲವನ್ನು ತಡಕಾಡುತ್ತಾ ಕತ್ತರಿ, ಸೀಮೆಸುಣ್ಣ, ಕನ್ನಡಕದ ಡಬ್ಬಿ, ಉಬ್ಬಸಕ್ಕೆ ಸೇದುವ ಪಂಪು ಎಲ್ಲವನ್ನೂ ಒಂದೊಂದಾಗಿ ಗಾಜಿನ ಮೇಲೆ ಪೇರಿಸಿದಳು. ಪಂಪಿನ ಪಕ್ಕ ಹನಿ. ಅವನ ಕೈ ತಾನಾಗಿಯೇ ಮುಂದೆ ಹೋಗಿ ಹನಿಯ ಬಾಟಲಿಯನ್ನು ಹಿಂದಕ್ಕೆ ಎಳೆದುಕೊಂಡಿತು. ಅಮ್ಮಾ, ಉಬ್ಬಸ ಇರೋರಿಗೆ ಇದು ಆಗೋದಿಲ್ಲ, ಕಣ್ಣಿನ ಡಾಕ್ಟರಿಗೆ ಹೇಳಿದ್ರಾ ಎಂದು ಕೇಳಿದ. ಅವರು ಕಣ್ಣಿನ ವಿಷಯ ಕೇಳಿದರು, ನಾನು ಕಣ್ಣಿನ ವಿಷಯ ಹೇಳಿದೆ ಎಂದು ಆಕೆ ನಕ್ಕಳು.

"ಕಣ್ಣೆಲ್ಲಿ, ಉಬ್ಬಸ ಎಲ್ಲಿ? ಸೂಜಿಗೆ ದಾರ ಪೋಣಿಸೋಕೆ ಹನಿ ಕೇಳಿದ್ರೆ ಎದೆ ಸುದ್ದಿ ಹೇಳ್ತೀಯಲ್ಲಪ್ಪ."

"ಕಣ್ಣಿಗೆ ಹಾಕಿದ್ದು ಕಣ್ಣಲ್ಲೇ ನಿಲ್ಲೋದಿಲ್ಲಮ್ಮ. ಮೂಗಿಗಿಳಿದು ರಕ್ತಕ್ಕೆ ಸೇರುತ್ತೆ. ಉಸಿರು ಕಟ್ಟಿಸುತ್ತೆ, ಎದೆ ಬಡಿತ ನಿಧಾನ ಮಾಡುತ್ತೆ…"

ನಿಧಾನ ಮಾಡುತ್ತೆ ಎಂಬುದು ಬಾಯಿಂದ ಹೊರಬಿದ್ದು ಅವನ ಕಿವಿಗೇ ಬೇರೆ ಯಾರೋ ಆಡಿದಂತೆ ಕೇಳಿಸಿತು. ಅವನು ಅಲ್ಲಿಗೇ ನಿಂತ. ಹೊಲಿಗೆಯಾಕೆ ಏನೋ ಕೇಳುತ್ತಿದ್ದಳು. ಅವನು ಹಿಂದಿನ ಖಾನೆಗೆ ಹೋಗಿ, ವೆರಪಮಿಲ್ ಮಾತ್ರೆಯ ಒಂದು ಹಾಳೆ ತೆಗೆದು ತಂದು, ಆ ಹನಿಯ ಬಾಟಲಿಯ ಪಕ್ಕದಲ್ಲಿ ಗಾಜಿನ ಮೇಲಿಟ್ಟ. ಮಾವನ ರಕ್ತದೊತ್ತಡಕ್ಕೆ ಡಾಕ್ಟರು ಬರೆದ ಮಾತ್ರೆ ಅದೇ. ಹೆಂಡತಿ ಅದನ್ನು ಆಸ್ಪತ್ರೆಯ ಅಂಗಡಿಯಲ್ಲೇ ಕೊಂಡು ತಂದಿದ್ದಳು. ಹನಿ ಅವನ ಜೇಬಿನಲ್ಲಿ ಬರುತ್ತಿತ್ತು. ಒಂದು ಅಡುಗೆಮನೆಯ ಡಬ್ಬಿಯಲ್ಲಿ, ಇನ್ನೊಂದು ಕಿಟಕಿಯ ಹಲಗೆಯಲ್ಲಿ. ಒಂದೇ ಮನೆಯಲ್ಲಿದ್ದೂ ಅವೆರಡು ಈ ಗಾಜಿನ ಮೇಲೆ ಒಂದು ದಿನವೂ ಮುಖಾಮುಖಿ ಆಗಿರಲಿಲ್ಲ. ಒಂದು ಎದೆಗೆ ನಿಧಾನ ಎನ್ನುತ್ತದೆ, ಇನ್ನೊಂದೂ ನಿಧಾನ ಎನ್ನುತ್ತದೆ. ಇಬ್ಬರು ಯಜಮಾನರೂ ಒಟ್ಟಿಗೆ ನಿಧಾನ ಎಂದರೆ ಪಾಪದ ಆಳು ಏನು ಮಾಡಬೇಕು? ಮಾತ್ರೆ ಅರ್ಧಕ್ಕಿಳಿದರೂ ನಾಡಿ ಏರದಿದ್ದದ್ದು ಯಾಕೆಂದು ಈಗ ಅಂಗೈ ನೆಲ್ಲಿಯಷ್ಟು ಸ್ಪಷ್ಟವಾಗಿತ್ತು. ತಂತಿ ಸವೆದಿಲ್ಲ. ವಯಸ್ಸೂ ಅಲ್ಲ. ಹನಿ! ಅವನ ಬೆನ್ನಹುರಿಯಲ್ಲಿ ಏನೋ ಜುಮ್ಮೆಂದು ಕೆಳಗಿಂದ ಮೇಲಕ್ಕೆ ಹತ್ತಿತು. ಅದು ಭಯವಲ್ಲ, ಸಂತೋಷ. ಬಿಡಿಸಲಾಗದ ಲೆಕ್ಕ ಫಕ್ಕನೆ ಬಿಡಿಸಿಕೊಂಡಾಗ ಶಾಲೆಯ ಬೆಂಚಿನಲ್ಲಿ ಆಗುತ್ತಿತ್ತಲ್ಲ, ಆ ಸಂತೋಷ. ಯಜಮಾನರು ಮೂಲೆಯಿಂದ, ಏನಯ್ಯಾ, ಸಂಬಂಧ ಕೂಡಿಬಂತಾ ಎಂದರು. ಇಲ್ಲ ಯಜಮಾನ್ರೇ, ಮುರಿದುಬಿತ್ತು ಎನ್ನುತ್ತಾ ಅವನು ನಕ್ಕುಬಿಟ್ಟ. ಗೋಡೆಯ ಗಡಿಯಾರದಲ್ಲಿ ಹನ್ನೊಂದಕ್ಕೆ ಐದು ನಿಮಿಷವಿತ್ತು.

ಹೆಂಡತಿಗೆ ಮೂರು ಸಲ ಫೋನು ಮಾಡಿದ. ಮೂರು ಸಲವೂ ರಿಂಗಾಗಿ ರಿಂಗಾಗಿ ನಿಂತಿತು. ಅವಳ ಫೋನು ಯಾವಾಗಲೂ ಚೀಲದ ತಳದಲ್ಲಿ ಟವೆಲ್ಲಿನಡಿ ಇರುತ್ತದೆ. ಆಸ್ಪತ್ರೆಗೆ ಮಾಡಿದರೆ, ಡಾಕ್ಟರು ಒಳಗಿದ್ದಾರೆ, ನೀವು ಯಾರು ಮಾತಾಡೋದು ಎಂದು ಹುಡುಗಿಯೊಬ್ಬಳು ಕೇಳಿದಳು. ಔಷಧಿ ಅಂಗಡಿಯವನು ಎಂದರೆ ಡಾಕ್ಟರನ್ನು ಕರೆಯುವವರು ಯಾರು? ಫೋನಿಟ್ಟ. ಹೊಲಿಗೆಯಾಕೆಗೆ, ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಮೊದಲು ಉಬ್ಬಸದ ವಿಷಯ ಹೇಳಿ, ಬೇರೆ ಹನಿ ಬರೆಸ್ಕೊಂಡು ಬನ್ನಿ ಎಂದು ಹೇಳಿ, ಆಕೆಯ ಸಾಮಾನನ್ನೆಲ್ಲ ತಾನೇ ಚೀಲಕ್ಕೆ ತುಂಬಿಕೊಟ್ಟು, ಬಿಳಿ ಕೋಟು ಬಿಚ್ಚುವುದನ್ನೂ ಮರೆತು ಬೀದಿಗೆ ಬಿದ್ದ. ಬಸ್ಸು ಸಿಕ್ಕಿತು. ಎರಡನೆಯ ವೃತ್ತದಲ್ಲೇ ನಿಂತೂ ಬಿಟ್ಟಿತು. ಮುಂದೆ ಗ್ಯಾಸಿನ ಲಾರಿಯೊಂದು ರಸ್ತೆಗೆ ಅಡ್ಡ ತಿರುಗಿ, ಹಿಂದಕ್ಕೂ ಹೋಗದೆ ಮುಂದಕ್ಕೂ ಬರದೆ ನಿಂತಿತ್ತು. ಅವನು ಇಳಿದು ಓಡತೊಡಗಿದ. ಐವತ್ತು ತುಂಬಿದವನು, ಹೊಟ್ಟೆ ಬಂದವನು, ಓಡುವುದನ್ನು ಯಾವ ಕಾಲದಲ್ಲೋ ಬಿಟ್ಟವನು ಓಡಿದ. ಬಿಳಿ ಕೋಟು ಹಾರುವುದನ್ನು ಕಂಡ ಜನ ಡಾಕ್ಟರೆಂದು ತಿಳಿದು ದಾರಿ ಬಿಟ್ಟರು; ಹಣ್ಣಿನ ಗಾಡಿಯವನು ಗಾಡಿಯನ್ನೇ ಪಕ್ಕಕ್ಕೆ ತಳ್ಳಿದ. ಅವನಿಗೆ ಹೇಳತೀರದ ಉಲ್ಲಾಸವಾಯಿತು. ಎದುರಿಗೆ ಸಿಕ್ಕವರನ್ನೆಲ್ಲ ನಿಲ್ಲಿಸಿ, ನೋಡಿ, ಸಿಕ್ಕಿತು, ನನಗೇ ಸಿಕ್ಕಿತು ಎನ್ನಬೇಕೆನಿಸಿತು. ಮಾವನಿಗೆ ಹೇಳಬೇಕಾದ ಮಾತನ್ನು ಓಡುತ್ತಲೇ ಕಟ್ಟಿದ: ಮಾವ, ಇಷ್ಟು ವರ್ಷ ನನ್ನ ಎತ್ವ ಹುಡುಕಿದಿರಲ್ಲ, ಇವತ್ತು ನಿಮ್ಮದೊಂದು ದೊಡ್ಡ ತಪ್ಪು ನಾನು ಹಿಡಿದಿದ್ದೇನೆ. ನಿಮ್ಮದೊಂದು ತಪ್ಪು, ನಿಮ್ಮದೊಂದು ತಪ್ಪು ಎಂದು ಹೆಜ್ಜೆಗೊಂದು ಸಲ ಬಡಬಡಿಸುತ್ತಿದ್ದಾಗಲೇ, ಅಂಚೆ ಕಚೇರಿಯ ಹತ್ತಿರ, ಯಾರದು ತಪ್ಪು ಎಂದು ಯಾರೋ ಒಳಗಿಂದ ಕೇಳಿದಂತಾಯಿತು.

ಕಾಲು ತಾನಾಗಿ ನಿಧಾನವಾಯಿತು. ಹನಿ ತಂದುಕೊಟ್ಟವರು ಯಾರು? ಮೂರು ತಿಂಗಳಿಗೆ ಬರೆದದ್ದನ್ನು ಎರಡು ವರ್ಷ ಎಳೆದವರು ಯಾರು? ಅಂಗಡಿಗೆ ಬಂದ ದಾರಿಹೋಕನ ಔಷಧಿಯನ್ನೆಲ್ಲ ಗಾಜಿನ ಮೇಲೆ ಹರಡಿ ನೋಡುವವನು ಮನೆಯದನ್ನು ಮಾತ್ರ ಜೇಬಿನಲ್ಲಿ ತುರುಕಿಕೊಂಡು ಹೋದನಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಇಲ್ಲಿ ಹಿತ್ತಲ ಗಿಡವೇ ವಿಷವಾಗಿತ್ತು. ಇಪ್ಪತ್ತನಾಲ್ಕನೆಯ ಬಾಟಲಿಯ ನೆನಪಾಯಿತು. ಮುದುಕ ಸೋತದ್ದಲ್ಲ. ಪೆನ್ಸಿಲು ಎತ್ತುವಷ್ಟು ಚೈತನ್ಯ ಅವರಲ್ಲಿರಲಿಲ್ಲ. ರೋಗ ತನ್ನದೊಂದು ಗುರುತನ್ನು ತೋರಿಸಿದ್ದು ಡಾಕ್ಟರಿಗಲ್ಲ, ಅವನಿಗೇ, ಅವನದೇ ಅಕ್ಷರದ ಮೇಲೆ. ಅವನು ಅದನ್ನು ನೋಡಿ ಶಿಳ್ಳೆ ಹಾಕಿದ್ದ. ಪಾದಚಾರಿ ಮಾರ್ಗದ ಕಂಬಿ ಹಿಡಿದು ಉಸಿರು ತೆಗೆದುಕೊಳ್ಳುತ್ತಿದ್ದಾಗ ಒಂದು ನೀಚ ಉಪಾಯವೂ ಹೊಳೆಯಿತು. ಹನಿ ಹಾಕುತ್ತಾರೆ ಎಂದಷ್ಟೇ ಹೇಳಿದರೆ ಸಾಕಲ್ಲ, ಎಲ್ಲಿಂದ ಬಂತು ಎಂದು ಯಾಕೆ ಹೇಳಬೇಕು? ಬಾಟಲಿಯ ಚೀಟಿ ಕಿತ್ತರೆ ಅದು ಯಾವ ಅಂಗಡಿಯದೂ ಆಗಬಹುದು. ಆದರೆ ಹಾಗೆ ಅಂದುಕೊಳ್ಳುತ್ತಿರುವಾಗಲೂ ಆ ಸಂತೋಷ ಹೋಗಿರಲಿಲ್ಲ. ಅದೇ ಅವನಿಗೆ ಆಶ್ಚರ್ಯ. ತಪ್ಪು ತನ್ನದೇ, ಆದರೂ ಸಿಕ್ಕಿತಲ್ಲ. ತನ್ನದೇ ಆದ ತಪ್ಪು ತನಗೇ ಸಿಕ್ಕಿತಲ್ಲ. ಮಾವನ ಬಾಯಿಪಾಠ ಸುಳ್ಳಾಯಿತು ಎಂಬ ಕಿಡಿಗೇಡಿ ಖುಷಿಯೊಂದು ನಾಚಿಕೆಯ ಜೊತೆಜೊತೆಗೇ ಅವನನ್ನು ಮುಂದಕ್ಕೆ ನೂಕಿತು. ಆಸ್ಪತ್ರೆಯ ಬಾಗಿಲಲ್ಲಿ ಕಾವಲಿನವನು ಬಿಳಿ ಕೋಟಿಗೆ ಸಲಾಮು ಹೊಡೆದ.

ಎರಡನೆಯ ಮಹಡಿಯ ಓಣಿಯಲ್ಲಿ ಹೆಂಡತಿ ಕಡತ ಹಿಡಿದು ಕೂತಿದ್ದಳು. ಬೆವರಿಳಿಯುತ್ತಿದ್ದ ಅವನನ್ನು ಕಂಡು, ಏನ್ರೀ, ಅಂಗಡಿಯಲ್ಲಿ ಏನಾಯ್ತು ಎಂದು ಎದ್ದು ನಿಂತಳು. ಅವನು ಕಡತ ಕಿತ್ತುಕೊಂಡು ಮೊದಲ ಹಾಳೆ ತೆಗೆದ. ಪ್ರಸ್ತುತ ಸೇವಿಸುತ್ತಿರುವ ಮಾತ್ರೆಗಳು ಎಂಬ ಅಚ್ಚಿನ ಸಾಲಿನ ಮುಂದೆ ನರ್ಸಿನ ಕೈಬರಹದಲ್ಲಿ ಒಂದೇ ಒಂದು ಹೆಸರಿತ್ತು. ಹನಿ ಬರೆಸಲಿಲ್ಲವೇ ಎಂದ. ಅವಳು ಅರ್ಥವಾಗದೆ ನೋಡಿದಳು. ಓಡಿ ಬಂದ ಉಸಿರಿನಲ್ಲೇ ಅವನು ಹೇಳಿದ. ಹೇಳುತ್ತಾ ಹೇಳುತ್ತಾ ಅವಳ ಮುಖದಲ್ಲಿ ಮೊದಲು ಆಸೆ, ಆಮೇಲೆ ಲೆಕ್ಕ ಮೂಡಿತು. ಎರಡು ವರ್ಷದಿಂದ ನೀವೇ ತಂದುಕೊಡ್ತಿದ್ರಲ್ಲ ಎಂದಳು. ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಅಷ್ಟರಲ್ಲಿ ಕೋಣೆಯ ಬಾಗಿಲು ತೆರೆದು ತಳ್ಳುಮಂಚ ಹೊರಬಂತು. ಅದರ ಮೇಲೆ ಹಸಿರು ಬಟ್ಟೆ ತೊಟ್ಟ ಮಾವ ಚಾವಣಿ ನೋಡುತ್ತಾ ಮಲಗಿದ್ದರು. ಮುಖ ಹಳೆಯ ಕಾಗದದ ಬಣ್ಣಕ್ಕೆ ತಿರುಗಿತ್ತು. ಅವನು ಮಂಚದ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತುಬಿಟ್ಟ. ನರ್ಸು, ಬಿಡಿ ಸಾರ್, ಹೊತ್ತಾಗ್ತಿದೆ ಎಂದಳು. ಅವನು ಬಿಡಲಿಲ್ಲ. ಮಾವ, ಇವತ್ತೂ ಹನಿ ಹಾಕಿಕೊಂಡಿರಾ ಎಂದು ಕೇಳಿದ. ಮಾವ ಕಣ್ಣನ್ನು ಮೆಲ್ಲಗೆ ಅವನ ಕಡೆ ಹೊರಳಿಸಿ, ಹೂಂ ಎಂದು, ದಿಂಬಿನಡಿ ಕೈ ಹಾಕಿ ಬಾಟಲಿ ತೆಗೆದು ತೋರಿಸಿದರು.

"ಮತ್ತೆ ನರ್ಸು ಕೇಳಿದಾಗ ಹೇಳಲಿಲ್ವಲ್ಲ, ಮಾವ."

"ಅವಳು ಕೇಳಿದ್ದು ಮಾತ್ರೆ," ಎಂದರು ಮಾವ. ಒಂದೊಂದು ಪದಕ್ಕೂ ಉಸಿರು ಕೂಡಿಸಿಕೊಳ್ಳುತ್ತಿದ್ದರು. "ಹನಿ ಮಾತ್ರೆ ಅಲ್ಲ. ಔಷಧಿ ಅಂತ ಅಚ್ಚು ಹಾಕಿಸಬೇಕಿತ್ತು."

ಡಾಕ್ಟರು ಬಂದರು. ಎಂಟು ವರ್ಷದಲ್ಲಿ ಕೂದಲು ಬೆಳ್ಳಗಾಗಿತ್ತು, ನಡಿಗೆ ಅದೇ. ಏನು ಗಲಾಟೆ ಎಂದರು. ಓಣಿಯ ಬೆಂಚಿನಲ್ಲಿ ಏಳೆಂಟು ಜನ ಕೂತಿದ್ದರು. ಅವರಲ್ಲೊಬ್ಬ ಮುದುಕ ಇದ್ದಾನೆಯೇ, ಅವನ ಹಲ್ಲು ನೋಡಬೇಕೇ ಎಂದು ಒಂದು ಕ್ಷಣ ಅನ್ನಿಸಿತು. ಈ ಸಲವೂ ಚುಕ್ಕೆಯಾಗಿದ್ದರೆ? ಮೂಗಿನ ಮುಂದೆ ಹಿಡಿದು, ಇದು ಬೇರೆ ಹನಿ, ಓದೋದು ಕಲೀರಿ ಎಂದುಬಿಟ್ಟರೆ? ಮಾವನ ಕೈಯಿಂದ ಬಾಟಲಿ ತೆಗೆದುಕೊಂಡು ಅವನು ಮೊದಲು ತಾನೇ ಓದಿದ. ಎರಡು ಸಲ ಓದಿದ. ಆಮೇಲೆ ಡಾಕ್ಟರ ಕೈಗಿಟ್ಟ. ಡಾಕ್ಟರು ಓದಿದರು. ಅವರ ಹುಬ್ಬಿನ ನಡುವೆ ಒಂದು ಗೆರೆ ಎದ್ದದ್ದನ್ನು ಅವನು ನೋಡಿದ. ಬಾಟಲಿಯನ್ನು ತಿರುಗಿಸಿದರು, ಚೀಟಿಯನ್ನೂ ಓದಿದರು, ಕಡತವನ್ನು ಕೇಳಿ ಇಸಿದುಕೊಂಡು ಮೊದಲ ಹಾಳೆಯ ಆ ಒಂಟಿ ಹೆಸರನ್ನು ನೋಡಿದರು.

"ಯಾರು ಕೊಡ್ತಿದ್ದಿದ್ದು ಇದನ್ನ?"

ಹೆಂಡತಿ ಗೋಡೆಯ ಕಡೆ ನೋಡಿದಳು. ಮಾವ ಅವನನ್ನೇ ನೋಡುತ್ತಿದ್ದರು.

"ನಾನೇ," ಎಂದ ಅವನು. "ಮೂರು ತಿಂಗಳಿಗೆ ಬರೆದಿದ್ರು. ನಾನು ಎರಡು ವರ್ಷ ಕೊಟ್ಟೆ. ಕೇಳದೆ ಕೊಟ್ಟೆ. ನಿಮ್ಮ ಮಾತ್ರೆ ಶುರುವಾದಾಗಲೂ ಎರಡನ್ನೂ ಸೇರಿಸಿ ನೋಡಲಿಲ್ಲ."

ಹೇಳಿ ಮುಗಿಸಿ ಅವನು, ಓಡಿ ಗೆದ್ದವನ ಹಾಗೆ, ಹಣೆಯ ಬೆವರು ಒರೆಸಿಕೊಂಡ. ಡಾಕ್ಟರು ಕಡತ ಮುಚ್ಚಿದರು. ಇವತ್ತು ಬೇಡ, ವಾಪಸ್ ಕರ್ಕೊಂಡು ಹೋಗಿ ಎಂದು ನರ್ಸಿಗೆ ಹೇಳಿದರು. ಮಾತ್ರೆಯನ್ನೂ ಹನಿಯನ್ನೂ ಇವತ್ತೇ ನಿಲ್ಲಿಸಿ, ಎದೆಬಡಿತ ತೋರಿಸುವ ಪರದೆಗೆ ಜೋಡಿಸಿ ಕಣ್ಣಿಟ್ಟು ನೋಡುವುದು. ಎರಡು ಮೂರು ದಿನದಲ್ಲಿ ಏರಿದರೆ ಸರಿ, ಏರದಿದ್ದರೆ ಯಂತ್ರ ಇದ್ದೇ ಇದೆ ಎಂದರು. ಕ್ಷಮೆಯ ಮಾತಿಲ್ಲ, ಶಹಬ್ಬಾಸಿಲ್ಲ. ಹೊರಡುವಾಗ ಮಾತ್ರ ಬಿಳಿ ಕೋಟನ್ನು ಮೇಲಿಂದ ಕೆಳಗೆ ನೋಡಿ, ನೀವು ಯಾವ ಅಂಗಡಿಯವರು, ನಾವು ಮೊದಲು ಭೇಟಿ ಆಗಿಲ್ಲ ಅಲ್ವಾ ಎಂದು ಕೇಳಿದರು. ಇಲ್ಲ ಸಾರ್ ಎಂದ ಅವನು. ಎಂಟು ವರ್ಷ ತಾನು ದಿನಾ ಹೊತ್ತು ತಿರುಗಿದ ಗಂಟು ಅವರಿಗೆ ಒಂದು ಚುಕ್ಕೆಯಷ್ಟೂ ನೆನಪಿರಲಿಲ್ಲ. ಅಷ್ಟು ಅವಮಾನವೂ ಸುಮ್ಮನೆ ದಂಡವಾಯಿತಲ್ಲ ಎಂದು ಅವನಿಗೆ ನಗು ಬಂತು.

ಆಮೇಲಿನ ಎರಡು ಹಗಲು ಅವನು ಮಂಚದ ಪಕ್ಕದ ಸ್ಟೂಲಿನಿಂದ ಏಳಲಿಲ್ಲ. ಯಜಮಾನರಿಗೆ ಫೋನಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವರು, ಮೊದಲು ಮುದುಕರನ್ನು ನೋಡ್ಕೋ, ಬೈಯೋದೆಲ್ಲ ಬಂದ ಮೇಲೆ ಬೈತೀನಿ ಎಂದರು. ಪರದೆಯ ಮೇಲಿನ ಹಸಿರು ಸಂಖ್ಯೆಯೇ ಅವನ ಲೋಕವಾಯಿತು. ಮೂವತ್ತೊಂಬತ್ತು. ಸಂಜೆಗೆ ನಲವತ್ತೊಂದು, ಅವನ ಎದೆ ಕುಣಿಯಿತು. ಮರುಕ್ಷಣ ಮೂವತ್ತೇಳು, ಕುಸಿದ. ಮನೆಗೆ ಹೋಗಿ ಮಲಗಿ ಬನ್ನಿ ಎಂದು ಹೆಂಡತಿ ಹೇಳಿದರೆ, ನಾನು ಹೋದ ಮೇಲೆ ಇಳಿದರೆ ಎಂದ. ನೀವು ಕೂತು ನೋಡಿದ್ರೆ ಏರುತ್ತಾ ಎಂದು ಅವಳು ಅವತ್ತು ಮೊದಲ ಸಲ ನಕ್ಕಳು. ಮರುದಿನ ಬೆಳಿಗ್ಗೆ ನಲವತ್ತಾರು. ಮಾವ ಎದ್ದು ಕೂತು ಗಂಜಿ ಕುಡಿದರು. ಹತ್ತು ಗಂಟೆಗೆ ಐವತ್ತೊಂದು, ಹನ್ನೊಂದಕ್ಕೆ ಐವತ್ತು, ಮತ್ತೆ ಐವತ್ತಮೂರು. ಪಕ್ಕದ ಮಂಚದ ರೋಗಿಯೂ ಅವನ ಮಗನೂ ಪಂದ್ಯದ ಅಂಕ ಕೇಳುವ ಹಾಗೆ, ಎಷ್ಟಾಯ್ತು, ಎಷ್ಟಾಯ್ತು ಎಂದು ಕೇಳತೊಡಗಿದರು. ನಡುವೆ ಅವನು ಮಾವನ ಕೈಯನ್ನು ಹಿಡಿದು ತಾನೇ ನಾಡಿ ಎಣಿಸಿದ. ಮದುವೆಯಾದಾಗಿನಿಂದ ಆ ಕೈಯನ್ನು ಅವನು ಮುಟ್ಟಿರಲಿಲ್ಲ. ತೋರುಬೆರಳಿನ ಪಕ್ಕದಲ್ಲಿ ಪೆನ್ಸಿಲು ಕೂತು ಕೂತು ಜಡ್ಡುಗಟ್ಟಿದ ಒಂದು ಗುಳಿಯಿತ್ತು. ಅದರ ಮೇಲೆ ಹೆಬ್ಬೆರಳಿಟ್ಟುಕೊಂಡು, ಎಣಿಕೆ ತಪ್ಪಿ, ಮತ್ತೆ ಮೊದಲಿನಿಂದ ಎಣಿಸಿದ. ಮಧ್ಯಾಹ್ನ ಊಟದ ಗಾಡಿ ಬರುವ ಹೊತ್ತಿಗೆ ಪರದೆ ಒಮ್ಮೆ ಮಿನುಗಿ ಮೇಲೆ ಹಾರಿತು.

"ಅರುವತ್ತೆರಡು!" ಎಂದು ಅವನು ಇಡೀ ವಾರ್ಡಿಗೆ ಕೇಳುವಂತೆ ಕೂಗಿದ.

"ಅರವತ್ತು," ಎಂದರು ಮಾವ, ಕಣ್ಣು ಮುಚ್ಚಿಕೊಂಡೇ. "ಅರುವತ್ತಲ್ಲ. ಅರವತ್ತೆರಡು."

ಹೆಂಡತಿ ಸೆರಗು ಬಾಯಿಗೊತ್ತಿಕೊಂಡು ಹೊರಗೆ ಓಡಿದಳು. ಮೂರು ವಾರದಿಂದ ಅವರು ಯಾರ ಒಂದು ಅಕ್ಷರವನ್ನೂ ತಿದ್ದಿರಲಿಲ್ಲ. ಅವನಿಗೆ ಎದ್ದು ಕುಣಿಯಬೇಕೆನಿಸಿತು, ಅಳಬೇಕೆಂದೂ ಅನಿಸಿತು. ಎರಡನ್ನೂ ಮಾಡದೆ ಪರದೆಗೆ ಬೆನ್ನು ಹಾಕಿ ನಿಂತು ಕಿಟಕಿಯಾಚೆಯ ನೀರಿನ ತೊಟ್ಟಿಯನ್ನು ತುಂಬಾ ಹೊತ್ತು ನೋಡಿದ.

ಬಿಡುಗಡೆಯ ದಿನ ರಕ್ತದೊತ್ತಡಕ್ಕೆ ಬೇರೆ ಮಾತ್ರೆ ಬಂತು. ಕಣ್ಣಿನ ಡಾಕ್ಟರನ್ನು ಅವನೇ ಹೋಗಿ ಕಂಡು, ಎರಡು ವರ್ಷದ ಕಥೆಯನ್ನು ಮತ್ತೊಮ್ಮೆ ಹೇಳಿ, ಬೈಸಿಕೊಂಡು, ಎದೆಯ ತಂಟೆಗೆ ಹೋಗದ ಬೇರೆ ಹನಿಯನ್ನು ಬರೆಸಿಕೊಂಡು ಬಂದ. ಅಂಗಡಿಗೆ ಹೋಗಿ ಹೊಸ ಮಾತ್ರೆ, ಹೊಸ ಹನಿ ಎರಡನ್ನೂ ಗಾಜಿನ ಮೇಲೆ ಅಕ್ಕಪಕ್ಕ ಇಟ್ಟು ನೋಡಿದ. ಯಜಮಾನರು ಎದ್ದು ಬಂದು ಅವನ ಭುಜದ ಮೇಲಿಂದ ತಾವೂ ನೋಡಿದರು, ಚುಡಾಯಿಸಲಿಲ್ಲ. ಚೀಟಿ ಬರೆಯುವಾಗ ಕೈ ಇನ್ನೂ ಆ ಎರಡು ದಿನದ ಸಂಭ್ರಮದಲ್ಲೇ ಓಡುತ್ತಿತ್ತು. ಬರೆದು, ಅಂಟಿಸಿ, ಬಿಲ್ಲಿನ ಸಮೇತ ಚೀಲದಲ್ಲಿಟ್ಟುಕೊಂಡು ಮನೆಗೆ ಹೋದ. ಮಾವ ಕಿಟಕಿಯ ಬಳಿ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಬಾಟಲಿಯನ್ನು ಅವರ ಕೈಗೆ ಕೊಟ್ಟು ಅವನು ಎದುರಿಗೆ ನಿಂತ. ಮಾವ ಕನ್ನಡಕ ಏರಿಸಿದರು. ಚೀಟಿಯನ್ನು ಕರಡಿನ ಹಾಳೆ ಓದುವ ಹಾಗೆ, ತುಟಿ ಅಲ್ಲಾಡಿಸದೆ, ಒಂದೊಂದೇ ಅಕ್ಷರದ ಮೇಲೆ ನಿಂತು ನಿಂತು ಓದಿದರು. ಕಿವಿಯ ಮೇಲಿನ ಕೆಂಪು ಪೆನ್ಸಿಲಿಗೆ ಅವರ ಕೈ ಹೋಯಿತು. ಈ ಸಲ ಅವನು ಬೇಕೆಂದು ಬರೆದಿರಲಿಲ್ಲ. ಏನು ಬರೆದೆನೆಂಬುದೇ ನೆನಪಿರಲಿಲ್ಲ. ಮಾವ ಪೆನ್ಸಿಲು ತೆಗೆದರು. ಚೀಟಿಯ ಹತ್ತಿರಕ್ಕೆ ತಂದರು. ಅಲ್ಲಿಗೇ ತಡೆದು, ಅವನ ಮುಖ ನೋಡಿ, ಪೆನ್ಸಿಲನ್ನೂ ಬಾಟಲಿಯನ್ನೂ ಒಟ್ಟಿಗೆ ಅವನ ಕಡೆ ಚಾಚಿದರು.

"ಒಂದು ತಪ್ಪಿದೆ," ಎಂದರು. "ತಗೋ. ನೀನೇ ತಿದ್ದು."

ಎಲ್ಲಿ ಎಂದು ಅವನು ಕೇಳಲಿಲ್ಲ. ಮಾವನ ಪಕ್ಕದಲ್ಲಿ, ಬಿಸಿಲಿಗೆ ಬೆನ್ನು ಕೊಟ್ಟು ಕೂತು, ಬಾಟಲಿಯನ್ನು ಕಣ್ಣಿನ ಹತ್ತಿರ ಹಿಡಿದು ಓದತೊಡಗಿದ.